ಗೌನಿನ ಬಿಳುಪನ್ನು ಮೊದಲು ನೋಡಿ, ಸಖಿಯರ ಬಣ್ಣ ಆಮೇಲೆ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಗೌನ್ ತೊಟ್ಟು ಮದುವೆಯಾಗಲಿರುವ ಮದುಮಗಳ ಜೊತೆ ನಿಲ್ಲುವ ಗೆಳತಿಯರ, ಅಂದರೆ ಬ್ರೈಡ್ಸ್‌ಮೇಡ್‌ಗಳ ಉಡುಪನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪತ್ರ ಬರೆದವರ ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಗೌನ್ ದಂತವರ್ಣದ ರೇಷ್ಮೆ ಸ್ಯಾಟಿನ್‌ನದು; ತೋಳಿಗೂ ಕತ್ತಿನ ಭಾಗಕ್ಕೂ ಲೇಸ್ ಇದೆ. ಐವರು ಗೆಳತಿಯರಿಗೆ ತೆಳುಗುಲಾಬಿ ಬಣ್ಣವೆಂದು ಬಹಳ ಹಿಂದೆಯೇ ನಿರ್ಧರಿಸಿದ್ದೆ. ಮೊಬೈಲ್‌ನಲ್ಲಿ ನೋಡಿ ಮೆಚ್ಚಿದ ಬಟ್ಟೆಯ ತುಣುಕನ್ನು ತರಿಸಿ ಗೌನಿನ ಪಕ್ಕದಲ್ಲಿ ಇಟ್ಟಾಗ ಗಾಬರಿಯಾಯಿತು. ಗುಲಾಬಿ ಚೆನ್ನಾಗಿಯೇ ಇತ್ತು, ನನ್ನ ಗೌನ್ ಮಾತ್ರ ಹಳತಾಗಿ ಮಾಸಿದಂತೆ ಕಾಣುತ್ತಿತ್ತು. ಗೌನ್ ಬದಲಿಸುವ ಹಾಗಿಲ್ಲ. ಏನು ಮಾಡಲಿ?

ಉತ್ತರ: ಗೌನ್ ಬದಲಿಸುವ ಅಗತ್ಯವೇ ಇಲ್ಲ. ಎರಡು ಬಣ್ಣಗಳನ್ನು ಒತ್ತಿಗೆ ಇಟ್ಟಾಗ ನಮ್ಮ ಕಣ್ಣು ಅವುಗಳ ನಡುವಿನ ವ್ಯತ್ಯಾಸವನ್ನು ಹಿಗ್ಗಿಸಿ ನೋಡುತ್ತದೆ. ನೀವು ತರಿಸಿದ ತುಣುಕು ಪ್ರಾಯಶಃ ನೀಲಿಯ ಕಡೆಗೆ ವಾಲುವ ಗುಲಾಬಿ ಇರಬೇಕು. ಅದರ ಪಕ್ಕದಲ್ಲಿ ದಂತವರ್ಣದೊಳಗಿನ ನಸುಹಳದಿ ಎದ್ದು ಬಂದು, ಬಟ್ಟೆ ಮಾಸಿದೆಯೇನೋ ಎನ್ನಿಸಿದೆ. ಗೆಳತಿಯರ ಬಣ್ಣವನ್ನು ಮೊದಲು ಗೊತ್ತುಮಾಡಿ ಗೌನನ್ನು ಆಮೇಲೆ ಅದರ ಪಕ್ಕಕ್ಕೆ ತಂದದ್ದೇ ಈ ತೊಡಕಿನ ಮೂಲ. ಸಖಿಯರ ಉಡುಪಿನ ಬಗ್ಗೆ ಏನನ್ನೇ ಯೋಚಿಸುವುದಿದ್ದರೂ ಗೌನಿನಿಂದ ಆರಂಭಿಸಬೇಕು, ಅದರಲ್ಲೂ ಗೌನಿನ ಬಿಳುಪು ಎಂಥದು ಎಂಬುದರಿಂದ.

ಬಿಳುಪಿನಲ್ಲಿ ಕಡೆಯಪಕ್ಷ ನಾಲ್ಕು ಬಗೆಗಳನ್ನು ಗುರುತಿಸಬಹುದು. ಪಾಲಿಯೆಸ್ಟರ್ ಗೌನುಗಳಲ್ಲಿ ಸಾಮಾನ್ಯವಾಗಿ ಕಾಣುವ ಕಣ್ಣುಕೋರೈಸುವ ಅಚ್ಚಬಿಳಿಯಲ್ಲಿ ನೀಲಿಯ ಸುಳಿವಿರುತ್ತದೆ. ಆ ಬಟ್ಟೆಗೆ ಸೇರಿಸುವ ಹೊಳಪುಕಾರಕಗಳು ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಬಿಡುವುದೇ ಇದಕ್ಕೆ ಕಾರಣ. ರೇಷ್ಮೆಯ ಸಹಜ ಬಿಳುಪು ಅದಕ್ಕಿಂತ ಒಂದು ಪಾಲು ಮೃದು. ರೇಷ್ಮೆಯ ಎಳೆಯಲ್ಲಿಯೇ ಕೆನೆಯ ಛಾಯೆ ಇರುವುದರಿಂದ ಅದನ್ನು ಪಾಲಿಯೆಸ್ಟರ್‌ನಷ್ಟು ಬೆಳ್ಳಗಾಗಿಸುವುದು ಕಷ್ಟ. ಮೂರನೆಯದು ನಿಮ್ಮ ದಂತವರ್ಣ, ಇದರಲ್ಲಿ ಹಳದಿಯ ಪಾಲು ಹೆಚ್ಚು. ಹೊಂಬಣ್ಣಕ್ಕೂ ಕಂದಿಗೂ ನಡುವೆ ನಿಲ್ಲುವ ಶಾಂಪೇನ್ ನಾಲ್ಕನೆಯದು. ಅಚ್ಚಬಿಳಿಗೆ ಕಡುನೀಲಿ, ಪಚ್ಚೆ, ಬೆಳ್ಳಿಬೂದುಗಳಂತಹ ತಂಪು ಬಣ್ಣಗಳು ಸಲೀಸಾಗಿ ಹೊಂದುತ್ತವೆ. ದಂತವರ್ಣಕ್ಕೆ ಬೆಚ್ಚಗಿನ ಬಣ್ಣಗಳು ಬೇಕು: ಕಂದು ಬೆರೆತ ಮಾಸಲು ಗುಲಾಬಿ, ಪೀಚ್, ಇಟ್ಟಿಗೆಗೆಂಪು, ಬೂದುಹಸಿರು, ಗಾಢವಾದ ವೈನ್ ಬಣ್ಣ. ಆದ್ದರಿಂದ ನೀವು ಗುಲಾಬಿಯನ್ನು ಕೈಬಿಡಬೇಕಾಗಿಲ್ಲ. ಅದನ್ನು ನೀಲಿಯ ಕಡೆಯಿಂದ ಪೀಚ್‌ನ ಕಡೆಗೆ ಸರಿಸಿ, ಒಂದೆರಡು ಮೆಟ್ಟಿಲು ಗಾಢವಾಗಿಸಿದರೆ ಸಾಕು. ತೀರಾ ತೆಳುವಾದ ಗುಲಾಬಿ ಫೋಟೋದಲ್ಲಿ ಬಿಳಿಯೊಳಗೆ ಕರಗಿಹೋಗುವುದುಂಟು, ಆಗ ಮದುಮಗಳು ಯಾರು, ಗೆಳತಿಯರು ಯಾರು ಎಂದು ದೂರದಿಂದ ತಿಳಿಯುವುದಿಲ್ಲ.

ಬಣ್ಣವನ್ನು ಪರೀಕ್ಷಿಸುವಾಗ ಅಂಗೈಯಗಲದ ತುಣುಕನ್ನು ನಂಬಬೇಡಿ. ಎದೆಯಿಂದ ಮೊಣಕಾಲಿನವರೆಗೆ ಇಳಿಬೀಳುವಷ್ಟು ಬಟ್ಟೆಯನ್ನು ಒಬ್ಬರ ಹೆಗಲ ಮೇಲೆ ಹಾಕಿ, ಗೌನನ್ನು ಅಥವಾ ಗೌನಿನ ಬಟ್ಟೆಯನ್ನು ಪಕ್ಕದಲ್ಲಿ ಹಿಡಿದು, ಕಿಟಕಿಯ ಹಗಲುಬೆಳಕಿನಲ್ಲೊಮ್ಮೆ, ಮದುವೆಯ ಸಂಜೆ ಉರಿಯಲಿರುವಂತಹ ಹಳದಿ ದೀಪದಲ್ಲೊಮ್ಮೆ ನೋಡಿ. ಹಗಲಿನಲ್ಲಿ ಒಂದೇ ಎನ್ನಿಸಿದ ಎರಡು ಬಟ್ಟೆಗಳು, ಬೇರೆ ಬೇರೆ ಬಣ್ಣದ್ರವ್ಯಗಳಿಂದ ಅದ್ದಿದವಾಗಿದ್ದರೆ, ದೀಪದಡಿಯಲ್ಲಿ ಬೇರೆಬೇರೆಯಾಗಿ ಕಾಣಬಹುದು. ಮೊಬೈಲ್ ಪರದೆ ಈ ಕೆಲಸಕ್ಕೆ ಬರುವುದೇ ಇಲ್ಲ; ಒಂದೇ ಚಿತ್ರ ಎರಡು ಫೋನುಗಳಲ್ಲಿ ಎರಡು ಬಣ್ಣವಾಗಿ ಕಾಣುವಾಗ ಅದನ್ನು ಆಧಾರವಾಗಿಟ್ಟುಕೊಂಡು ಐದು ಉಡುಪುಗಳಿಗೆ ಹಣ ಕಟ್ಟುವುದು ಜಾಣತನವಲ್ಲ. ಇನ್ನೊಂದು ಸೂಕ್ಷ್ಮವಿದೆ: ಬಿಸಿಲಿನಲ್ಲಿ ಹತ್ತಿರ ನಿಂತವರ ಉಡುಪಿನ ಬಣ್ಣ ಪಕ್ಕದ ಬಿಳಿಬಟ್ಟೆಯ ಮೇಲೆ ಪ್ರತಿಫಲಿಸುತ್ತದೆ. ಕಡುಕಿತ್ತಳೆ, ಗಿಳಿಹಸಿರುಗಳಂತಹ ಪ್ರಖರ ಬಣ್ಣಗಳಾದರೆ ಮದುಮಗಳ ತೋಳಿನ ಲೇಸಿನ ಮೇಲೆ, ಕೆಲವೊಮ್ಮೆ ಗಲ್ಲದ ಅಡಿಯಲ್ಲೂ ಆ ಛಾಯೆ ಬೀಳುವುದನ್ನು ಫೋಟೋಗಳಲ್ಲಿ ಕಾಣಬಹುದು. ಸ್ವಲ್ಪ ಬೂದು ಬೆರೆತ ಬಣ್ಣಗಳಲ್ಲಿ ಈ ತೊಂದರೆ ಕಡಿಮೆ.

ನಿಮ್ಮ ಗೌನ್ ಸ್ಯಾಟಿನ್ ಆಗಿರುವುದರಿಂದ ಹೊಳಪಿನ ಬಗ್ಗೆಯೂ ಯೋಚಿಸಬೇಕಾಗುತ್ತದೆ. ಸ್ಯಾಟಿನ್ ಗೌನಿನ ಸುತ್ತ ಐದು ಸ್ಯಾಟಿನ್ ಉಡುಪುಗಳು ನಿಂತರೆ ಕ್ಯಾಮೆರಾದ ಫ್ಲ್ಯಾಷ್‌ಗೆ ಎಲ್ಲವೂ ಒಟ್ಟಿಗೆ ಮಿನುಗಿ, ನೋಡುವವರ ಗಮನ ಎಲ್ಲಿಯೂ ನಿಲ್ಲುವುದಿಲ್ಲ. ಗೆಳತಿಯರಿಗೆ ಹೊಳಪಿಲ್ಲದ ಕ್ರೇಪ್ ಅಥವಾ ಶಿಫಾನ್ ಕೊಡಿ. ಗೌನಿನ ಮೆರುಗು ಆಗ ತಾನಾಗಿ ಮುಂದೆ ಬರುತ್ತದೆ. ಲೇಸನ್ನು ಮಾತ್ರ ಅವರ ಉಡುಪಿಗೆ ತರಬೇಡಿ. ಒಂದು ಲೇಸಿನ ಪಕ್ಕದಲ್ಲಿ ಅದಕ್ಕಿಂತ ಒರಟಾದ ಇನ್ನೊಂದು ಲೇಸ್ ಬಂದರೆ ಎರಡೂ ಕಳೆಗುಂದುತ್ತವೆ.

ಪ್ರಶ್ನೆ: ನನ್ನ ನಾಲ್ವರು ಸಖಿಯರಲ್ಲಿ ಒಬ್ಬಳು ತುಂಬ ಎತ್ತರ, ಒಬ್ಬಳು ಗಿಡ್ಡ, ಒಬ್ಬಳು ಮೈತುಂಬಿಕೊಂಡವಳು, ಇನ್ನೊಬ್ಬಳ ಮೈಬಣ್ಣ ಕಪ್ಪು. ಎಲ್ಲರಿಗೂ ಒಂದೇ ಉಡುಪು ಹೊಲಿಸಬೇಕೆಂದು ಅಮ್ಮ, ಅವರವರಿಗೆ ಇಷ್ಟವಾದದ್ದನ್ನು ಹಾಕಿಕೊಳ್ಳಲಿ ಎಂದು ಅಕ್ಕ. ನನ್ನ ಗೌನ್ ಸೊಂಟದಿಂದ ಕೆಳಗೆ ಅಗಲವಾಗಿ ಅರಳುವಂಥದು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಅರ್ಧರ್ಧ ಕೇಳಬಹುದು. ಅಮ್ಮ ಹೇಳುವಂತೆ ಒಂದೇ ಕಟ್ಟಿನ ಉಡುಪು ಹೊಲಿಸಿದರೆ, ಆ ಕಟ್ಟು ಯಾರ ಮೈಗೆ ಒಪ್ಪುತ್ತದೆಯೋ ಅವಳೊಬ್ಬಳು ನೆಮ್ಮದಿಯಾಗಿರುತ್ತಾಳೆ, ಉಳಿದ ಮೂವರು ಇಡೀ ದಿನ ಭುಜದ ಪಟ್ಟಿಯನ್ನು ಮೇಲಕ್ಕೆಳೆದುಕೊಳ್ಳುತ್ತಾ ಕಳೆಯುತ್ತಾರೆ. ಅಕ್ಕ ಹೇಳುವಂತೆ ಪೂರ್ತಿ ಬಿಟ್ಟುಕೊಟ್ಟರೆ, ನಾಲ್ವರೂ ಬೇರೆ ಬೇರೆ ಸಮಾರಂಭಗಳಿಂದ ಎದ್ದುಬಂದವರಂತೆ ಕಾಣುವ ಅಪಾಯವಿದೆ. ನನ್ನ ಸಲಹೆ ಇಷ್ಟು: ಬಣ್ಣ, ಬಟ್ಟೆ, ಉದ್ದ, ಈ ಮೂರನ್ನು ನೀವು ನಿಗದಿ ಮಾಡಿ, ಕತ್ತು, ತೋಳು, ಬೆನ್ನು ಹೇಗಿರಬೇಕೆಂಬುದನ್ನು ಅವರಿಗೆ ಬಿಡಿ. ಬಣ್ಣವನ್ನೇ ಬದಲಿಸುವ ಆಸೆಯಿದ್ದರೆ, ಒಂದೇ ಬಣ್ಣದ ತೆಳುವಿನಿಂದ ಗಾಢದವರೆಗಿನ ನಾಲ್ಕು ಛಾಯೆಗಳನ್ನು ಆರಿಸಿ, ಬಟ್ಟೆಯನ್ನೂ ಉದ್ದವನ್ನೂ ಒಂದೇ ಆಗಿಡಿ. ಬಣ್ಣ, ಬಟ್ಟೆ, ಕಟ್ಟು ಮೂರೂ ಒಟ್ಟಿಗೆ ಬದಲಾಗುವ ಏರ್ಪಾಡನ್ನು ಪತ್ರಿಕೆಗಳ ಚಿತ್ರಗಳಲ್ಲಿ ನೋಡಲು ಸೊಗಸು, ಆದರೆ ಅದರ ಹಿಂದೆ ನುರಿತವರ ಕೈ ಇರುತ್ತದೆ. ಮನೆಯಲ್ಲಿ ಮಾಡಹೊರಟರೆ ಹತ್ತರಲ್ಲಿ ಒಂಬತ್ತು ಸಲ ಚೆಲ್ಲಾಪಿಲ್ಲಿಯಾಗುತ್ತದೆ.

ನಿಮ್ಮ ಗೌನ್ ಘೇರುಳ್ಳದ್ದಾದ್ದರಿಂದ ಗೆಳತಿಯರ ಉಡುಪು ಅದೇ ರೀತಿ ಅರಳಬಾರದು. ಅಕ್ಕಪಕ್ಕದಲ್ಲಿ ನಿಲ್ಲುವಾಗ ಜಾಗಕ್ಕಾಗಿ ನೂಕಾಟವಾಗುತ್ತದೆ, ಮದುಮಗಳ ಗೌನಿನ ಆಕಾರವೂ ಮುಚ್ಚಿಹೋಗುತ್ತದೆ. ನೇರವಾಗಿ ಇಳಿಯುವ ಉಡುಪು, ಇಲ್ಲವೇ ಸೊಂಟದಿಂದ ತುಸುವೇ ಅಗಲವಾಗುವ ಎ-ಲೈನ್ ಸಾಕು. ಗೌನೇ ಮೈಗಂಟುವ, ಮೊಣಕಾಲಿನ ಕೆಳಗೆ ಅರಳುವ ಮರ್ಮೇಡ್ ಕಟ್ಟಿನದಾಗಿದ್ದರೆ ಮಾತು ಬೇರೆ. ಆಗ ಗೆಳತಿಯರಿಗೆ ಮೃದುವಾಗಿ ತೇಲುವ ಶಿಫಾನ್ ಒಳ್ಳೆಯದು. ಮೈತುಂಬಿಕೊಂಡವರಿಗೆ ಸಡಿಲ ಉಡುಪೇ ಸರಿ ಎಂಬ ನಂಬಿಕೆ ಎಲ್ಲೆಡೆ ಇದೆ. ಅದು ತಪ್ಪು. ಒಳಗೆ ಗಟ್ಟಿ ಲೈನಿಂಗ್ ಇದ್ದು, ಎದೆಯ ಕೆಳಗೆ ಅಥವಾ ಸೊಂಟದಲ್ಲಿ ಸರಿಯಾಗಿ ಕೂರುವ ಉಡುಪು ಅವರಿಗೆ ಡೇರೆಯಂತಹ ಅಂಗಿಗಿಂತ ಎಷ್ಟೋ ಪಾಲು ಒಪ್ಪುತ್ತದೆ. ಅಗಲ ಪಟ್ಟಿ ಇದ್ದರೆ ಒಳಗೆ ಬೇಕಾದ ಒಳಉಡುಪನ್ನು ಧರಿಸಲು ಅನುಕೂಲ. ಗೆಳತಿಯರು ಬಾಯಿಬಿಟ್ಟು ಹೇಳದ, ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಚಿಂತಿಸುವ ಸಂಗತಿ ಇದು.

ಎತ್ತರದ ವ್ಯತ್ಯಾಸ ಹೆಚ್ಚಿದ್ದಾಗ ನೆಲಮುಟ್ಟುವ ಉದ್ದವೇ ಸುಲಭ, ಏಕೆಂದರೆ ನಾಲ್ವರ ಅಂಚೂ ಒಂದೇ ಗೆರೆಯಲ್ಲಿ ಮುಗಿಯುತ್ತದೆ. ಮೀನಖಂಡದವರೆಗಿನ ಉದ್ದವನ್ನು ಆರಿಸಿದರೆ, ನೆಲದಿಂದ ಇಷ್ಟೇ ಎತ್ತರ ಎಂದು ಎಲ್ಲರಿಗೂ ಒಂದೇ ಅಳತೆ ಕೊಡದೆ, ಪ್ರತಿಯೊಬ್ಬರ ಕಾಲು ಸಪೂರವಾಗುವ ಜಾಗದಲ್ಲಿ ಅಂಚು ಬರುವಂತೆ ನೋಡಿಕೊಳ್ಳಬೇಕು. ಎರಡೂ ಸಂದರ್ಭಗಳಲ್ಲಿ, ಮದುವೆಯ ದಿನ ಹಾಕಲಿರುವ ಚಪ್ಪಲಿಯನ್ನೇ ಹಾಕಿಕೊಂಡು ಅಂಚಿನ ಗುರುತು ಹಾಕಿಸಬೇಕು. ನೆಲಮುಟ್ಟುವ ಉದ್ದದ ಉಡುಪಿನ ಅಂಚು ನೆಲದಿಂದ 1ರಿಂದ 2 ಸೆಂಟಿಮೀಟರ್ ಮೇಲಿದ್ದರೆ ನಡೆಯುವಾಗ ಎಡವುವ ಭಯವಿರುವುದಿಲ್ಲ.

ಮೈಬಣ್ಣವನ್ನು ನೀವು ತೊಡಕುಗಳ ಪಟ್ಟಿಯಲ್ಲಿ ಸೇರಿಸಿದ್ದೀರಿ. ದಯವಿಟ್ಟು ಅದನ್ನು ಅಲ್ಲಿಂದ ತೆಗೆದುಹಾಕಿ. ಪಚ್ಚೆ, ವೈನ್, ಕಡುನೀಲಿ, ಸಾಸಿವೆ ಹಳದಿಯಂತಹ ತುಂಬುಬಣ್ಣಗಳು ಕಪ್ಪು ಮೈಬಣ್ಣದ ಮೇಲೆ ತೆರೆದುಕೊಳ್ಳುವಷ್ಟು ಚೆನ್ನಾಗಿ ಬೆಳ್ಳಗಿನ ಮೈಮೇಲೆ ತೆರೆದುಕೊಳ್ಳುವುದಿಲ್ಲ. ಎಲ್ಲರನ್ನೂ ಪೇಲವವಾಗಿಸುವುದು ಮೈಬಣ್ಣಕ್ಕೆ ತೀರಾ ಹತ್ತಿರದ ತೆಳು ಕಂದುಬಣ್ಣಗಳು. ನಾಲ್ವರ ಮುಖದ ಪಕ್ಕದಲ್ಲೂ ಬಟ್ಟೆಯನ್ನು ಹಿಡಿದು ನೋಡಿ, ನಾಲ್ವರಲ್ಲಿ ಯಾರ ಮುಖವೂ ಕಳೆಗುಂದದ ಬಣ್ಣವನ್ನು ಆರಿಸಿ.

ಬಟ್ಟೆ ಕೊಂಡು ಹೊಲಿಸುವುದಾದರೆ ನಾಲ್ವರಿಗೂ ಒಂದೇ ತಾನಿನಿಂದ, ಒಂದೇ ಸಲ ಬಟ್ಟೆ ತೆಗೆಸಿ. ಅದೇ ಹೆಸರಿನ, ಅದೇ ಸಂಖ್ಯೆಯ ಬಣ್ಣವಾದರೂ ಬೇರೆ ಸಲ ಅದ್ದಿದ ಬಟ್ಟೆಯಲ್ಲಿ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ, ಸಾಲಾಗಿ ನಿಂತಾಗ ಅದು ಕಾಣುತ್ತದೆ. ಸಿದ್ಧ ಉಡುಪು ತರಿಸುವುದಾದರೆ ಎದೆ, ಸೊಂಟ, ನಿತಂಬ ಈ ಮೂರರಲ್ಲಿ ಯಾವುದು ದೊಡ್ಡ ಅಳತೆಗೆ ಬೀಳುತ್ತದೆಯೋ ಆ ಅಳತೆಯದನ್ನೇ ತರಿಸಿ. ಹಿಡಿಸುವುದು ಸುಲಭ, ಬಿಡಿಸಲು ಹೊಲಿಗೆಯ ಒಳಗೆ ಬಟ್ಟೆ ಇರಬೇಕಲ್ಲ.

ಪ್ರಶ್ನೆ: ಮದುವೆಯ ಹೊತ್ತಿಗೆ ನನ್ನ ಸಖಿಯೊಬ್ಬಳಿಗೆ ಏಳು ತಿಂಗಳು ತುಂಬಿರುತ್ತದೆ. ಅವಳಿಗೆ ಈಗಲೇ ಅಳತೆ ಕೊಡಿಸಬಹುದೇ?

ಉತ್ತರ: ಬಟ್ಟೆಯನ್ನು ಈಗಲೇ ಎಲ್ಲರ ಜೊತೆ, ಆದರೆ ಅವಳ ಪಾಲಿಗೆ ಹೆಚ್ಚಾಗಿ ತೆಗೆದಿಡಿ, ಅಳತೆಯನ್ನು ಮದುವೆಗೆ ಮೂರು ವಾರ ಇರುವಾಗ ಕೊಡಿಸಿ. ಎದೆಯ ಕೆಳಗಿನಿಂದಲೇ ನೆರಿಗೆ ಇಳಿಯುವ ಎಂಪೈರ್ ಕಟ್ಟು ಅವಳಿಗೆ ಅನುಕೂಲ. ಹೊಟ್ಟೆಯ ಮೇಲೆ ಬಟ್ಟೆ ಏರುವುದರಿಂದ ಮುಂಭಾಗದ ಅಂಚು ಮೇಲೆದ್ದುಕೊಳ್ಳುತ್ತದೆ; ಹಿಂಭಾಗಕ್ಕಿಂತ ಮುಂಭಾಗವನ್ನು ತುಸು ಉದ್ದವಾಗಿ ಬಿಡುವಂತೆ ಹೊಲಿಯುವವರಿಗೆ ತಿಳಿಸಿ. ಎತ್ತರ ಹಿಮ್ಮಡಿಯ ಚಪ್ಪಲಿ ಬೇಡ.

ಪ್ರಶ್ನೆ: ಸಖಿಯರಿಗೂ ಬಿಳಿಯನ್ನೇ ತೊಡಿಸಬೇಕೆಂಬುದು ನನ್ನ ಆಸೆ. ಮದುಮಗಳ ಹೊರತು ಇನ್ನಾರೂ ಬಿಳಿ ತೊಡಬಾರದು, ಅದು ಸಂಪ್ರದಾಯಕ್ಕೆ ವಿರುದ್ಧ ಎಂದು ಹಿರಿಯರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಇತಿಹಾಸವನ್ನು ನೋಡಿದರೆ ನಿಮ್ಮ ಹಿರಿಯರ ವಾದಕ್ಕೆ ಹೆಚ್ಚಿನ ಬಲ ಸಿಗುವುದಿಲ್ಲ. ಬಿಳಿಗೌನಿನ ರೂಢಿಯನ್ನು ಜನಪ್ರಿಯಗೊಳಿಸಿದ್ದು ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಮದುವೆ. 1840ರ ಫೆಬ್ರವರಿ 10ರಂದು ಹಾನಿಟನ್ ಎಂಬ ಇಂಗ್ಲೆಂಡಿನ ಕೈಕೆಲಸದ ಲೇಸಿನ ಬಿಳಿ ಸ್ಯಾಟಿನ್ ಗೌನ್ ತೊಟ್ಟ ಆಕೆಯ ಹಿಂದೆ ಗೌನಿನ ಸೆರಗು ಹಿಡಿದು ನಡೆದ 12 ಮಂದಿ ಸಖಿಯರೂ ಬಿಳಿಯನ್ನೇ ಧರಿಸಿದ್ದರು. 2011ರ ಏಪ್ರಿಲ್ 29ರಂದು ಬ್ರಿಟನ್ನಿನ ರಾಜಕುಮಾರ ವಿಲಿಯಂ ಜೊತೆ ನಡೆದ ಕ್ಯಾಥರೀನ್ ಮಿಡಲ್ಟನ್ ಅವರ ಮದುವೆಯಲ್ಲಿ ಪ್ರಧಾನ ಸಖಿಯಾಗಿದ್ದ ತಂಗಿ ಪಿಪ್ಪಾ ಕೂಡ ದಂತವರ್ಣದ ಉಡುಪಿನಲ್ಲಿಯೇ ಇದ್ದರು. ಈ ಅಕ್ಕತಂಗಿಯರ ಎರಡೂ ಉಡುಪುಗಳನ್ನು ವಿನ್ಯಾಸಗೊಳಿಸಿದ್ದು ಸಾರಾ ಬರ್ಟನ್ ಒಬ್ಬರೇ.

ನೀವು ಕಲಿಯಬೇಕಾದದ್ದು ಈ ಎರಡನೆಯ ಉದಾಹರಣೆಯಿಂದ. ಅಕ್ಕನ ಗೌನಿನಲ್ಲಿ ಉದ್ದ ತೋಳಿನ ಲೇಸ್, ಅರಳಿದ ಘೇರು, ನೆಲದ ಮೇಲೆ ಹರಡುವ ಉದ್ದನೆಯ ಟ್ರೇನ್ ಇದ್ದವು. ತಂಗಿಯ ಉಡುಪು ಮೈಗೆ ಹತ್ತಿರವಾಗಿ ನೇರವಾಗಿ ಇಳಿಯುವಂಥದು, ತೋಳು ಗಿಡ್ಡ. ಬೆನ್ನಿನ ಗುಂಡಿಗಳ ಸಾಲು ಮತ್ತು ಲೇಸಿನ ಅಂಚು ಮಾತ್ರ ಎರಡಕ್ಕೂ ನಂಟು ಕಲ್ಪಿಸುತ್ತಿದ್ದವು. ಬಣ್ಣ ಒಂದೇ ಆದಾಗ ಆಕಾರ ಬೇರೆಯಾಗಲೇಬೇಕು. ಅಲ್ಲದೆ ಸಖಿಯರ ಬಿಳಿ ನಿಮ್ಮದಕ್ಕಿಂತ ಪ್ರಖರವಾಗಿರಬಾರದು: ನಿಮ್ಮದು ದಂತವರ್ಣವಾಗಿ ಅವರದು ಅಚ್ಚಬಿಳಿಯಾದರೆ ಕಣ್ಣು ಮೊದಲು ಅವರ ಕಡೆಗೇ ಹೋಗುತ್ತದೆ. ನಿಮ್ಮ ಗೌನ್ ತೀರಾ ಸರಳವಾಗಿದ್ದರೆ, ನನ್ನನ್ನು ಕೇಳಿದರೆ, ಈ ಆಸೆಯನ್ನು ಬಿಡುವುದೇ ಒಳಿತು. ಶಾಂಪೇನ್ ಬಣ್ಣ ನಿಮಗೂ ಹಿರಿಯರಿಗೂ ಒಪ್ಪಿಗೆಯಾದೀತು.

ಪ್ರಶ್ನೆ: ಸಖಿಯರ ಆಭರಣ, ಕೇಶವಿನ್ಯಾಸ, ಹೂಗುಚ್ಛ ಎಲ್ಲವೂ ಒಂದೇ ರೀತಿ ಇರಬೇಕೇ?

ಉತ್ತರ: ಬೇಡ. ಲೋಹವೊಂದನ್ನು ಹೊಂದಿಸಿದರೆ ಸಾಕು. ಅಚ್ಚಬಿಳಿಯ ಗೌನಿನ ಜೊತೆ ಬೆಳ್ಳಿ ಅಥವಾ ಪ್ಲಾಟಿನಂ, ದಂತವರ್ಣದ ಜೊತೆ ಚಿನ್ನ, ಗುಲಾಬಿ ಛಾಯೆಯ ಗೌನಿನ ಜೊತೆ ರೋಸ್ ಗೋಲ್ಡ್ ಸಹಜವಾಗಿ ಕಾಣುತ್ತವೆ. ಮುತ್ತು ಎಲ್ಲದರ ಜೊತೆಗೂ ನಡೆಯುತ್ತದೆ. ಮದುಮಗಳು ದೊಡ್ಡ ಹಾರ ಹಾಕಿದ್ದರೆ ಸಖಿಯರು ಬರಿಯ ಓಲೆಯಲ್ಲಿರಲಿ. ಕೂದಲಿನ ವಿಷಯದಲ್ಲಿ, ಮದುಮಗಳದು ಎತ್ತಿಕಟ್ಟಿದ ತುರುಬಾದರೆ ಸಖಿಯರದು ಅರ್ಧ ಬಿಟ್ಟ ಕೂದಲಾಗಬಹುದು, ಅಥವಾ ಅದಲುಬದಲಾಗಿ. ಅವರವರ ಕೂದಲಿನ ಸ್ವಭಾವಕ್ಕೆ ಒಗ್ಗುವುದನ್ನು ಬಿಟ್ಟು ಒಂದೇ ಅಚ್ಚಿಗೆ ಒತ್ತುವುದರಲ್ಲಿ ಅರ್ಥವಿಲ್ಲ. ಹೂಗುಚ್ಛ ಮದುಮಗಳದ್ದಕ್ಕಿಂತ ಚಿಕ್ಕದಾಗಿರಲಿ. ಅದರ ಹೂಗಳು ಉಡುಪಿನ ಬಣ್ಣದವೇ ಆಗಿದ್ದರೆ ಬಟ್ಟೆಯ ಮೇಲೆ ಕಾಣದೆ ಹೋಗುತ್ತವೆ. ಕಡುನೀಲಿ ಉಡುಪಿನ ಮೇಲೆ ಕೆನೆಬಣ್ಣದ ಹೂ, ಬೂದುಹಸಿರಿನ ಮೇಲೆ ಪೀಚ್ ಅಥವಾ ಬಿಳಿ ಹೂ ಒಪ್ಪುತ್ತವೆ. ಗುಚ್ಛವನ್ನು ಎದೆಗವಚಿಕೊಳ್ಳದೆ ಹೊಕ್ಕಳಿನ ಮಟ್ಟದಲ್ಲಿ ಹಿಡಿಯಲು ಹೇಳಿ, ಇಲ್ಲದಿದ್ದರೆ ನೀವು ಅಷ್ಟು ಯೋಚಿಸಿ ಮಾಡಿಸಿದ ಕತ್ತಿನ ವಿನ್ಯಾಸ ಒಂದು ಫೋಟೋದಲ್ಲೂ ಕಾಣುವುದಿಲ್ಲ.

ಪ್ರಶ್ನೆ: ನಾನು ಮದುಮಗಳಲ್ಲ, ಅವಳ ಸಖಿ. ಅವಳು ಆರಿಸಿರುವುದು ಪೂರ್ತಿ ಬೆನ್ನು ತೆರೆದ ಉಡುಪು. ನನಗೆ ಅದನ್ನು ತೊಟ್ಟು ಜನರ ಮುಂದೆ ನಿಲ್ಲುವ ಧೈರ್ಯವಿಲ್ಲ, ಅದರ ಖರ್ಚನ್ನೂ ನಾನೇ ಕೊಡಬೇಕು. ಹೇಳಿದರೆ ಅವಳಿಗೆ ಬೇಸರವಾದೀತೆಂದು ಸುಮ್ಮನಿದ್ದೇನೆ.

ಉತ್ತರ: ಈ ವಾರವೇ ಹೇಳಿಬಿಡಿ. ಬಟ್ಟೆ ಕತ್ತರಿಸಿದ ಮೇಲೆ ಹೇಳಿದರೆ ಅವಳಿಗೆ ಬೇಸರದ ಜೊತೆ ನಷ್ಟವೂ ಆಗುತ್ತದೆ. ಉಳಿದವರೆಲ್ಲ ಸೇರಿರುವ ವಾಟ್ಸಾಪ್ ಗುಂಪಿನಲ್ಲಿ ಬರೆಯದೆ ಅವಳೊಬ್ಬಳ ಬಳಿ ಮಾತನಾಡಿ. "ಇದು ನನಗೆ ಬೇಡ" ಎಂದು ನಿಲ್ಲಿಸುವ ಬದಲು, "ಬಣ್ಣ, ಬಟ್ಟೆ ಹೀಗೆಯೇ ಇರಲಿ, ಬೆನ್ನಿಗೆ ಮಾತ್ರ ಅದೇ ಬಣ್ಣದ ನೆಟ್ ಕೂಡಿಸಿಕೊಳ್ಳಲೇ?" ಎಂದು ಕೇಳಿ. ಒಳಗಿನಿಂದ ಮೈಬಣ್ಣದ ಅಥವಾ ಉಡುಪಿನ ಬಣ್ಣದ ತೆಳುನೆಟ್ ಸೇರಿಸುವುದು ಹೊಲಿಯುವವರಿಗೆ ದೊಡ್ಡ ಕೆಲಸವೇನಲ್ಲ, ಮುಂಭಾಗದಿಂದ ನೋಡುವವರಿಗೆ ವ್ಯತ್ಯಾಸವೂ ತಿಳಿಯುವುದಿಲ್ಲ. ಅದೇ ಬಟ್ಟೆಯ ಮೇಲುಹೊದಿಕೆ ಇನ್ನೊಂದು ದಾರಿ.

ಮದುಮಗಳಾಗುವವರು ಈ ಪತ್ರವನ್ನು ಎರಡು ಸಲ ಓದಲಿ ಎಂದು ನನ್ನ ಕೋರಿಕೆ. ಖರ್ಚು ಯಾರದು, ಎಷ್ಟರವರೆಗೆ ಎಂಬ ಮಾತು ಸಖಿಯಾಗಲು ಕರೆಯುವಾಗಲೇ ಆಗಬೇಕು. ಗೆಳತಿಯೇ ಹಣ ಕೊಡುವುದಾದರೆ ಉಡುಪಿನಲ್ಲಿ ಅವಳ ಮಾತೂ ನಡೆಯಬೇಕು, ಆ ಉಡುಪು ಮುಂದೆ ಬೇರೆ ಸಮಾರಂಭಕ್ಕೂ ಒದಗುವಂತಿರಬೇಕು. ಎಲ್ಲವೂ ತನ್ನ ಇಷ್ಟದಂತೆಯೇ ಆಗಬೇಕೆನ್ನುವ ಮದುಮಗಳು ಖರ್ಚನ್ನೂ ತಾನೇ ವಹಿಸಿಕೊಳ್ಳುವುದು ನ್ಯಾಯ.

ಪ್ರಶ್ನೆ: ಅಕ್ಕನ ಮದುವೆಯಲ್ಲಿ ನಾನು ಪ್ರಧಾನ ಸಖಿ. ಅವಳ ಗೌನಿಗೆ ಉದ್ದನೆಯ ಟ್ರೇನ್ ಇದೆ. ನನ್ನ ಉಡುಪು ಉಳಿದ ಸಖಿಯರಿಗಿಂತ ಬೇರೆಯಾಗಿರಬೇಕೇ? ಟ್ರಯಲ್ ಯಾವಾಗ ನೋಡಬೇಕು?

ಉತ್ತರ: ತುಸು ಬೇರೆಯಾಗಿದ್ದರೆ ಚೆಂದ, ಅದೇ ಬಣ್ಣದ ಒಂದು ಮೆಟ್ಟಿಲು ಗಾಢ ಛಾಯೆ, ಅಥವಾ ಅದೇ ಉಡುಪಿಗೆ ಬೇರೆ ತೋಳು ಸಾಕು. ಬಟ್ಟೆಯ ತೀರ್ಮಾನ ಮದುವೆಗೆ ಆರು ತಿಂಗಳ ಮೊದಲೇ ಆಗಿರಲಿ, ಕೊನೆಯ ಟ್ರಯಲ್ ಎರಡು ಮೂರು ವಾರ ಇರುವಾಗ ಆಗಲಿ.

ಆದರೆ ನಿಮ್ಮ ಟ್ರಯಲ್ ಕನ್ನಡಿಯ ಮುಂದೆ ನಿಂತು ಮುಗಿಸುವಂಥದಲ್ಲ. ಅಂದು ನೀವು ಹತ್ತಾರು ಸಲ ಬಗ್ಗಿ ಅಕ್ಕನ ಟ್ರೇನನ್ನು ಬಿಡಿಸಿ ಹರಡಬೇಕಾಗುತ್ತದೆ, ಮಂಡಿಯೂರಿ ಅದನ್ನು ಮೇಲಕ್ಕೆ ಕಟ್ಟಬೇಕಾಗುತ್ತದೆ. ಆದ್ದರಿಂದ ಉಡುಪು ತೊಟ್ಟು ಪೂರ್ತಿ ಬಗ್ಗಿ ನೋಡಿ, ಕತ್ತು ಜಾರುತ್ತದೆಯೇ ಗಮನಿಸಿ; ಮಂಡಿಯೂರಿ, ಕುಳಿತು, ಎರಡೂ ಕೈ ತಲೆಯ ಮೇಲೆತ್ತಿ ನೋಡಿ. ಎಲ್ಲಿಯಾದರೂ ಹೊಲಿಗೆ ಬಿಗಿದರೆ ಅಲ್ಲೇ ಗುರುತು ಹಾಕಿಸಿ. ಅಕ್ಕನ ಗೌನಿನ ಕೊನೆಯ ಟ್ರಯಲ್‌ಗೂ ನೀವು ಜೊತೆಗೆ ಹೋಗಬೇಕು, ಏಕೆಂದರೆ ವಿಧಿಗಳು ಮುಗಿದ ಮೇಲೆ ಟ್ರೇನನ್ನು ಎತ್ತಿಕಟ್ಟಲು ಗೌನಿನ ಹಿಂಭಾಗದಲ್ಲಿ ಚಿಕ್ಕ ಗುಂಡಿಗಳನ್ನೋ ಒಳಭಾಗದಲ್ಲಿ ದಾರದ ಕುಣಿಕೆಗಳನ್ನೋ ಇಟ್ಟಿರುತ್ತಾರೆ. ಯಾವ ಕುಣಿಕೆ ಯಾವ ಗುಂಡಿಗೆ ಎಂಬುದನ್ನು ಹೊಲಿದವರಿಂದಲೇ ತಿಳಿದುಕೊಂಡು, ಅವರ ಮುಂದೆಯೇ ನೀವೊಮ್ಮೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ. ಅವರು ಕಟ್ಟುವಾಗ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ಉಡುಪಿನ ಬಣ್ಣದ ದಾರ, ಸೂಜಿ, ನಾಲ್ಕಾರು ಸೇಫ್ಟಿ ಪಿನ್, ಒಳಗೆ ಅಂಟಿಸುವ ಎರಡುಬದಿಯ ಟೇಪ್ ನಿಮ್ಮ ಚೀಲದಲ್ಲಿರಲಿ. ಕುಣಿಕೆಯೊಂದು ಕಿತ್ತುಬಂದರೆ ಟ್ರೇನನ್ನು ಪಿನ್ನಿನಿಂದ ಒಳಗಿನ ಲೈನಿಂಗ್‌ಗೆ ಸಿಕ್ಕಿಸಿ. ಮೇಲಿನ ಸ್ಯಾಟಿನ್‌ಗೆ ಪಿನ್ ಚುಚ್ಚಿದರೆ ತೂತು ಉಳಿದುಬಿಡುತ್ತದೆ.